ನಮ್ಮ ಸಾಲಿ ಹುಡುಗ್ರು ಮಾಡಿದ ಸನ್ಮಾನ

ಸಾಲಿ ಎದುರಿಗೆ ಮನಿ ಇದ್ದವ್ರಿಗೆ ಟೀವಿ ಬೇಕಾಗೂದಿಲ್ಲ. ಟೀವ್ಯಾಗರ ನಡುವ ಸೋಪಿನ ಜಾಹೀರಾತು ಬರತಾವ, ಇಲ್ಲಿ ಅದೂ ಇಲ್ಲ. ಮುಂಜಾನೆ ಗಂಟಿ ಬಾರಿಸಿದ್ದೇ ತಡ, ಒಂದರ ಮ್ಯಾಲೊಂದು ನಡದೇ ಇರತೈತಿ. ನಮ್ಮೂರು ಇಂಡಿಗೂ ಸಿಂದಗಿಗೂ ನಡುವ. ಬಸ್ಸು ಮನಸ್ಸು ಬಂದ್ರ ನಿಲ್ಲತೈತಿ, ಇಲ್ಲಂದ್ರ ಧೂಳ ಹೊಡದು ಹೋಗತೈತಿ, ಅಂಥಾ ಊರು. ನನ್ನ ಕಟ್ಟಿಗೂ ಸಾಲಿ ಗೇಟಿಗೂ ನಡುವ ಒಂದು ಗಟಾರ ಅಷ್ಟ. ಕಟ್ಟಿ ಮ್ಯಾಲ ಕುಂತು ತೊಗರಿ ಹಸನ ಮಾಡ್ಕೋತ ಕಿವಿ ಆ ಕಡೆ ಕೊಟ್ಟರ, ಎರಡನೇ ಇಯತ್ತೆ ಪಾಠ ಪೂರಾ ಕೇಳತೈತಿ. ನಾ ಸಣ್ಣಾಕಿದ್ದಾಗ ಸಾಲಿ ಬಿಟ್ಟದ್ದೂ ಎರಡನೇ ಇಯತ್ತೆದಾಗ. ಉಳಿದದ್ದನ್ನ ಈಗ ಕಟ್ಟಿ ಮ್ಯಾಲ ಕುಂತು ಮುಗಿಸಾಕತ್ತೇನಿ.

ಎರಡನೇ ಇಯತ್ತೆ ಟೀಚರ್ ನಾಲತವಾಡದ ಹುಡುಗಿ. ಅತಿಥಿ ಶಿಕ್ಷಕಿ ಅಂತಾರ ಆಕಿಗೆ. ಅತಿಥಿ ಅಂತ ಹೆಸರಷ್ಟ, ಹೋಳಿಗಿ ಯಾರೂ ಹಾಕೂದಿಲ್ಲ. ಬ್ಯಾಸಿಗಿ ಸೂಟಿಗೆ ಮನಿಗೆ ಕಳಸ್ತಾರ, ಜೂನಿಗೆ ಮತ್ತ ಕರಸೂದು ಬಿಡೂದು ಸಾಲಿ ಕಮಿಟಿ ಅಧ್ಯಕ್ಷನ ಕೈಯಾಗ. ನನ್ನ ಹಿಂದಿನ ಖೋಲ್ಯಾಗ ಬಾಡಿಗಿ ಇದ್ದಾಳ. ಈ ನೌಕರಿ ಹೋತು ಅಂದ್ರ ಆಕಿ ಅಣ್ಣನ ಮನಿಗೆ ಹೋಗಿ ವೈನಿ ಕೈಕೆಳಗ ರೊಟ್ಟಿ ಬಡೀಬೇಕು. ಆ ವೈನಿ ಒಮ್ಮೆ ಇಲ್ಲಿಗೆ ಬಂದಿದ್ಲು. ಚಾ ಕುಡಿಯೂದರಾಗ ನನಗ ಹೇಳಿದ್ಲು, "ನಮ್ಮನ್ಯಾಗ ಕೆಲಸದಾಕಿನ್ನ ಬಿಡಿಸೇವ್ರಿ ಆಯಿ. ಹೆಂಗೂ ಈಕಿ ಬರ್ತಾಳಲ್ಲ." ಅಂಥಾ ಬಾಯಿ.

ಇನ್ನ ಅಧ್ಯಕ್ಷ. ಮೀಸಿಗೆ ಕರೇ ಬಣ್ಣ ಹಚ್ಚತಾನ, ತಲಿಗೆ ಹಚ್ಚೂದಿಲ್ಲ, ಹಂಗಾಗಿ ಮುಖದ ಮ್ಯಾಲಿನ ಭಾಗ ಮುದುಕಂದು, ಕೆಳಗಿಂದು ಮದಲಿಂಗಂದು. ಬಸವನ ಬಾಗೇವಾಡ್ಯಾಗ ಅವನ ಹೆಂಡ್ತಿ ತಮ್ಮ ಅದಾನ. ಆ ತಮ್ಮನ ಮಗಳನ್ನ ನಮ್ಮ ಸಾಲ್ಯಾಗ ಟೀಚರ್ ಮಾಡಬೇಕಂತ ಹೆಂಡ್ತಿ ಹಟ. ಇದ್ದಾಕಿನ್ನ ತಗೀಬೇಕಂದ್ರ ಒಂದು ನೆಪ ಬೇಕಲ್ಲ? ಅಧ್ಯಕ್ಷ ಟೀಚರ್‌ಗ ಮುಖದ ಮ್ಯಾಲ ಹೇಳಿಬಿಟ್ಟಿದ್ದ, "ನಿಮ್ಮ ಮ್ಯಾಲ ತಕರಾರು ಬರ್ಲಿ, ಆಮ್ಯಾಲ ನೋಡ್ರಿ."

ಅಂಥಾ ವರ್ಷದಾಗ ಈ ಹುಡುಗಿ ಒಂದು ಪಾಠ ಹಿಡದ್ಲು. "ನಮ್ಮ ಊರ ಸಹಾಯಕರು" ಅಂತ. ಪುಸ್ತಕ ಓದಿ ಮುಗಿಸಿದ್ರ ಆಗ್ತಿತ್ತು. ಇಲ್ಲ, ಸಹಾಯಕರನ್ನ ಸಾಲಿಗೇ ಕರಸಬೇಕು, ಹುಡುಗರ ಬಾಯಿಲೆ ಹೇಳಸಬೇಕು. ಹುಡುಗರ ಬಾಯಿ ಎಂಥಾದ್ದು ಅಂತ ಆಕಿಗೆ ಗೊತ್ತಿರಲಿಲ್ಲ. ಪಾಪ, ಇನ್ನೂ ಲಗ್ನ ಆಗಿಲ್ಲ.

ಲೈನ್‌ಮನ್

ಮೊದಲ ಬಂದಾಂವ ಕರೆಂಟಿನ ಲೈನ್‌ಮನ್. ಇಸ್ತ್ರಿ ಅಂಗಿ ಹಾಕ್ಕೊಂಡು, ತಲಿಗೆ ಎಣ್ಣಿ ಹಚ್ಚಿಕೊಂಡು, ಕೈಯಾಗ ಪಕ್ಕಡ ಹಿಡಕೊಂಡು ಫೋಟೋಕ್ಕ ನಿಂತಂಗ ನಿಂತ.

"ಇವ್ರು ಯಾರು?" ಅಂದ್ಲು ಟೀಚರ್.

"ಲೈನ್‌ಮನ್ ಕಾಕಾರ್ರೀ!"

"ಇವ್ರು ನಮಗ ಏನ ಸಹಾಯ ಮಾಡ್ತಾರ?"

ಎರಡು ಜಡಿ ಹಾಕ್ಕೊಂಡ ಒಬ್ಬ ಹುಡುಗಿ ಎದ್ದು ನಿಂತ್ಲು. "ನಮ್ಮನ್ಯಾಗ ಕಂಬದ ತಂತಿಗೆ ಹುಕ್ಕು ಹಾಕಿ ಪುಕ್ಕಟೆ ಕರೆಂಟ್ ತಗೋತೇವ್ರಿ. ಕಾಕಾರು ಬಂದು ಅಪ್ಪಗ ಬೈತಾರ್ರಿ."

ಲೈನ್‌ಮನ್ ಎದಿ ಉಬ್ಬಿಸಿದ. "ನೋಡ್ರಿ ಟೀಚರ್, ಕಾಯ್ದೆ ಅಂದ್ರ ಕಾಯ್ದೆ."

"ಬೈದು ಆದ ಮ್ಯಾಲ ಕೋಳಿ ಒಯ್ತಾರ್ರಿ," ಅಂದ್ಲು ಹುಡುಗಿ.

"ಏ ಕೂಸ, ಕುಂದ್ರು ಸಾಕು."

ಒಬ್ಬಾಕಿ ಬಾಯಿ ತಗದ್ಲು ಅಂದ್ರ ಮುಗೀತಲ್ಲ? ಎಲ್ಲಾ ಕೈ ಮ್ಯಾಲ ಎದ್ದುವು. "ನಮ್ಮನ್ಯಾಗೂ ಒಯ್ದಾರ್ರಿ!" "ನಮ್ಮದು ಹುಂಜರೀ!" "ನಾವು ಕೋಳಿ ಸಾಕಂಗಿಲ್ರಿ, ನಮ್ಮನ್ಯಾಗ ಶೇಂಗಾ ಒಯ್ತಾರ್ರಿ!"

ಟೀಚರ್ ಮಾತು ತಿರುವಾಕ ಹೋದ್ಲು. "ಆತಾತು. ನಮಗ ಸಹಾಯ ಮಾಡಿದವ್ರಿಗೆ ನಾವು ಏನ ಹೇಳಬೇಕು? ಎಲ್ಲಾರೂ ಹೇಳ್ರಿ ನೋಡೂನು."

"ಕೋಳಿ ಇಲ್ಲ ಅಂತ ಹೇಳಬೇಕ್ರೀ!" ಅಂದ್ವು ಎಲ್ಲಾ ಕೂಡಿ. ಮನ್ಯಾಗ ಅವ್ವಗೋಳು ಹಂಗ ಕಲಿಸಿದ್ರು.

ಟೀಚರ್ ಇನ್ನೂ ಕೈ ಬಿಡಲಿಲ್ಲ. "ಇವ್ರು ಏನೂ ತಗೊಳ್ದ ಯಾರ ಮನ್ಯಾಗೂ ಕೆಲಸ ಮಾಡಿಲ್ಲೇನು? ನೆನಪ ಮಾಡ್ಕೊರ್ರಿ."

ಎರಡು ಜಡಿ ಹುಡುಗಿ ಮತ್ತ ಎದ್ಲು. "ಮಾಡ್ಯಾರ್ರಿ. ಅಧ್ಯಕ್ಷರ ಮನ್ಯಾಗ್ರಿ. ಅವ್ರ ಹುಕ್ಕು ಇವ್ರೇ ಹಾಕಿ ಕೊಟ್ಟಾರ್ರಿ."

ನಾ ಕಟ್ಟಿ ಮ್ಯಾಲ ಮೊರ ಬಿಟ್ಟು ಎದ್ದು ನಿಂತೆ. ಸಂಜಿ ಆಗೂದರಾಗ ಊರಿಗೆಲ್ಲ ಗೊತ್ತಾಗಿತ್ತು. ಹೆಂಗ ಗೊತ್ತಾತು ಅಂತ ನನ್ನ ಕೇಳಬ್ಯಾಡ್ರಿ. ನಾ ಸುಮ್ಮನ ಹಿಟ್ಟಿನ ಗಿರಣಿಗೆ ಹೋಗಿ ಬಂದೆ, ಅಷ್ಟ. ಕಾಳು ಒಯ್ಯೂದು ಮರತಿದ್ದೆ.

ದವಾಖಾನಿ ಆಟ

ಅಧ್ಯಕ್ಷ ಒಂದು ವಾರ ಕುದ್ದು ಕುದ್ದು ತಿರುಗಿದ. "ಇದು ಮೊದಲನೇ ತಕರಾರು" ಅಂತ ಟೀಚರ್‌ಗ ಹೇಳಿ ಕಳಿಸಿದ. ಆಕಿ ಹೆದರಿ, ಖರೇ ಮನಶ್ಯಾರನ್ನ ಕರಸೂದೇ ಬ್ಯಾಡ, ಹುಡುಗರ ಕಡೆ ನಾಟಕ ಮಾಡಸೂನು ಅಂದ್ಲು. ಡಾಕ್ಟರ್, ಸಿಸ್ಟರ್, ಬಸ್ ಕಂಡಕ್ಟರ್ ಅಂತ ಹಂಚಿ ಕೊಟ್ಲು. ಅಷ್ಟಕ್ಕ ಬಿಟ್ಟಿದ್ರ ಆಗ್ತಿತ್ತು. "ನೀವು ನೋಡಿದಂಗ ಮಾಡ್ರಿ" ಅಂದ್ಲು. ಅಲ್ಲೇ ಕೆಟ್ಟತು.

ಒಬ್ಬ ದುಂಡಾನ ಹುಡುಗ ಹೊಟ್ಟಿ ಹಿಡಕೊಂಡು ಬಂದ. ಡಾಕ್ಟರ್ ಆದ ಹುಡುಗಿ ಕೊಳ್ಳಾಗ ಜಿಗಿಯೂ ಹಗ್ಗ ಹಾಕ್ಕೊಂಡು, ಅಂಗೈಯನ್ನ ಮೊಬೈಲ್ ಹಿಡದಂಗ ಹಿಡದು ಅದರಾಗ ನೋಡ್ಕೋತ ಕುಂತಿದ್ಲು.

"ಡಾಕ್ಟರ್ರ, ಹೊಟ್ಟಿ ಕಡ್ಯಾಕತ್ತೈತ್ರಿ."

ಡಾಕ್ಟರ್ ತಲಿ ಎತ್ತಲಿಲ್ಲ.

"ಡಾಕ್ಟರ್ರ!"

"ಕೇಳಿಸೇತಿ. ದೊಡ್ಡ ದವಾಖಾನಿಗೆ ಹೋಗ್ರಿ."

ದೊಡ್ಡ ದವಾಖಾನಿ ಅಂದ್ರ ಖೋಲಿಯ ಇನ್ನೊಂದು ಮೂಲಿ. ನಡುವ ಬಸ್ಸು. ಕಂಡಕ್ಟರ್ ಹುಡುಗ ಬಾಯಾಗ ಸೀಟಿ ಊದಿ, ಇದ್ದ ಒಬ್ಬನೇ ಪ್ಯಾಸೆಂಜರಿಗೆ, "ಹಿಂದ ಸರೀರಿ, ಹಿಂದ ಜಾಗಾ ಐತಿ, ಹಿಂದ ಸರೀರಿ!" ಅಂತ ಗ್ವಾಡಿಗೆ ಒತ್ತಿ ನಿಲ್ಲಿಸಿದ.

ಆ ಮೂಲ್ಯಾಗಿನ ಡಾಕ್ಟರ್, "ಇಷ್ಟ ತಡಾ ಮಾಡಿ ಬಂದ್ರ ಏನ ಮಾಡೂದು? ಇದಕ್ಕಿಂತ ದೊಡ್ಡದಕ್ಕ ಹೋಗ್ರಿ" ಅಂದ. ಮತ್ತ ಬಸ್ಸು. ಮತ್ತ ಹಿಂದ ಸರೀರಿ. ಅದಕ್ಕಿಂತ ದೊಡ್ಡ ದವಾಖಾನ್ಯಾಗ, "ಮೊದಲ ಸಣ್ಣ ದವಾಖಾನ್ಯಾಗ ಚೀಟಿ ಬರಸ್ಕೊಂಡ ಬರ್ರಿ" ಅಂದ್ರು. ಸಿಸ್ಟರ್ ಆದಾಕಿಗೆ ಬ್ಯಾರೆ ಮಾತಿರಲಿಲ್ಲ. ಹಾದು ಹೋದವ್ರ ತೋಳು ಹಿಡದು ಚಿವುಟಿ, "ಅಳಬ್ಯಾಡ. ಅತ್ತರ ಇನ್ನೊಂದು ಚುಚ್ಚತೇನಿ" ಅನ್ನಾಕತ್ತಿದ್ಲು.

ಕಡೀಕ ದುಂಡಾನ ಹುಡುಗ ನೆಲದ ಮ್ಯಾಲ ಕುಂತಬಿಟ್ಟ. ಟೀಚರ್ ಗಾಬರಿ ಆಗಿ, "ಈಗ ಹೊಟ್ಟಿ ಹೆಂಗ ಐತೋ?" ಅಂದ್ಲು.

"ಆರಾಮ ಆತ್ರಿ. ಬಸ್ಸಿನ್ಯಾಗ ಕುಲುಕ್ಯಾಡಿ ಕುಲುಕ್ಯಾಡಿ ಇಳದ ಹೋತ್ರಿ."

ಎಲ್ಲಾ ನಕ್ಕವು. ಆಗ ಟೀಚರ್ ಬಾಗಿಲ ಕಡೆ ನೋಡಿದ್ಲು. ಅಲ್ಲಿ ಖರೇ ಡಾಕ್ಟರ್ ನಿಂತಿದ್ದ. ಹುಡುಗರಿಗೆ ಜಂತಿನ ಗುಳಿಗಿ ಕೊಡಾಕಂತ ಬಂದಾಂವ, ಎಷ್ಟೊತ್ತಿಂದ ನಿಂತಿದ್ನೋ ಏನೋ. ಈಕಿ ಇನ್ನೊಂದು ತಕರಾರು ಬಂತು, ನೌಕರಿ ಹೋತು, ವೈನಿ ಲಟ್ಟಣಿಗಿ ಕೈಯಾಗ ಕೊಟ್ಲು ಅಂತ ಮಾಡಿದ್ಲು.

ಹೆದರೂ ಅಂಥಾದ್ದೇನೂ ಇರಲಿಲ್ಲ. ಡಾಕ್ಟರ್ ಮೊಬೈಲ್ ನೋಡ್ಕೋತ ನಿಂತಿದ್ದ. ನಾಟಕದ ಕಡೆ ತಲಿ ಎತ್ತೇ ಇರಲಿಲ್ಲ.

ಪೊಲೀಸ್ ಮಾಮಾ

ಪೊಲೀಸನನ್ನ ಆಕಿ ಕರದಿರಲಿಲ್ಲ. ಹೆಡ್ ಮಾಸ್ತರ್ ಕರದಿದ್ರು. ಸಣ್ಣ ಹುಡುಗರ ಪಾಠಕ್ಕ ದೊಡ್ಡವ್ರು ಕೈ ಹಾಕಿದ್ರ ಹಿಂಗೇ.

ಪೊಲೀಸಪ್ಪ ಖುರ್ಚಿ ಮ್ಯಾಲ ಕುಂತು, ಟೊಪಗಿ ತೊಡಿ ಮ್ಯಾಲ ಇಟ್ಟು, ಬಾಳ ಮಿದು ಮಾತಾಡಿದ. "ನಾ ನಿಮ್ಮ ಗೆಳೆಯ. ನನಗ ಹೆದರಬಾರದು. ಊರಾಗ ಯಾರರ ತಪ್ಪು ಮಾಡಾಕತ್ತಿದ್ರ ನನಗ ಬಂದು ಹೇಳಬೇಕು."

ಒಬ್ಬ ಹುಡುಗ ಕೈ ಎತ್ತಿದ. "ಗುಡಿ ಹಿಂದ ದಿನಾ ಸಂಜಿಕ ಇಸ್ಪೀಟ್ ಆಡ್ತಾರ್ರಿ."

ಪೊಲೀಸಪ್ಪ ಒಮ್ಮೆ ಕೆಮ್ಮಿದ. "ಹೌದಾ? ಶಾಣ್ಯಾ. ಯಾರ್ಯಾರು ಅಂತ ಆಮ್ಯಾಲ ಹೇಳುವಂತಿ."

"ಹೆಸರು ಹೇಳಬ್ಯಾಡ ಅಂದಾರ್ರಿ," ಅಂದ ಹುಡುಗ.

ಹೆಡ್ ಮಾಸ್ತರ್‌ಗ ಹುರುಪು ಬಂತು. "ಹೇಳಬ್ಯಾಡ ಅಂದವ್ರು ಯಾರೋ? ಪೊಲೀಸ್ ಸಾಹೇಬರು ಇಲ್ಲೇ ಅದಾರ, ಯಾರಿಗೂ ಹೆದರಬ್ಯಾಡ. ಎಲ್ಲಾರಿಗೂ ಕೇಳೂ ಹಂಗ ಹೇಳು!"

"ಇವ್ರೇರಿ."

ಬನ್ನಿ

ಗುಡಿ ಹಿಂದಿನ ಆಟದಾಗ ಪೊಲೀಸನ ಎದುರಿಗೆ ಕುಂದ್ರಾಂವ ಯಾರು ಅಂತೀರಿ? ಅಧ್ಯಕ್ಷನೇ. ಹಂಗಾಗಿ ಅದು ಎರಡನೇ ತಕರಾರು ಆತು, ಕರದಾಂವ ಹೆಡ್ ಮಾಸ್ತರ್ ಆದ್ರೂ ಟೀಚರ್ ಲೆಕ್ಕಕ್ಕ ಬಿತ್ತು. ಆಕಿ ಸಹಾಯಕರನ್ನ ಬಿಟ್ಟು ದಯಾ ಹಿಡದ್ಲು. ದಿನಾ ಯಾರಿಗರ ಒಂದು ಒಳ್ಳೇದು ಮಾಡಿ ಬಂದು ಹೇಳಬೇಕು. ಕೇಳಾಕ ಚಲೋ ಐತಿ. ದಯಾ ಮಾಡಿದ್ರ ಯಾರ ಮನಿ ಒಡೀತೈತಿ ಅಂತ ನಾನೂ ತಿಳಕೊಂಡಿದ್ದೆ.

ದಸರಾ ಬಂತು. ನಮ್ಮ ಕಡೆ ಹಬ್ಬದ ಸಂಜಿಕ ಬನ್ನಿ ಎಲಿ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂನು" ಅಂತ ದೊಡ್ಡವರ ಕಾಲು ಮುಟ್ಟತಾರ. ಮಾತು ಬಿಟ್ಟವ್ರು ಆವತ್ತ ಮಾತಾಡಬೇಕು. ಟೀಚರ್ ಹುಡುಗರಿಗೆ ಹೇಳಿದ್ಲು, "ಜಗಳಾಡಿದವ್ರ ಕೈಗೆ ನೀವು ಬನ್ನಿ ಕೊಟ್ಟು ಮಾತಾಡಸ್ರಿ. ಅದಕ್ಕಿಂತ ದೊಡ್ಡ ದಯಾ ಇಲ್ಲ."

ಊರಾಗ ಎಲ್ಲಾರಕಿಂತ ದೊಡ್ಡ ಜಗಳ ಅಧ್ಯಕ್ಷನ ಹೆಂಡ್ತಿದು ಮತ್ತ ಆಕಿ ಬಾಜೂ ಮನಿ ಕಿರಾಣಿ ಅಂಗಡ್ಯಾಕಿದು. ಒಂದು ಸೀರಿ ಸಲುವಾಗಿ. ಅಧ್ಯಕ್ಷನ ಮಗಳು ಬಸರಿದ್ದಾಗ ಮಾಡಿದ ಕುಬಸಕ್ಕ ಅಂಗಡ್ಯಾಕಿ ಒಂದು ಹಸರ ಸೀರಿ ಆಯೇರಿ ಮಾಡಿದ್ಲು. ಮುಂದ ಅಂಗಡ್ಯಾಕಿ ಮಗನ ಲಗ್ನದಾಗ ಅಧ್ಯಕ್ಷನ ಹೆಂಡ್ತಿ ಆಯೇರಿ ಮಾಡಿದ್ಲು. ಬಿಚ್ಚಿ ನೋಡಿದ್ರ ಅದೇ ಹಸರ ಸೀರಿ! ಮಡಿಕಿ ಸೈತ ಮುರದಿಲ್ಲ. "ನನ್ನ ಸೀರಿ ನನಗ ಕೊಟ್ಟಾಳ ಸೀರಿ ಕಳ್ಳಿ" ಅಂತ ಹಂದರದಾಗ ಕೂಗ್ಯಾಡಿದ್ಲು. ಆವತ್ತಿಂದ ಮಾತಿಲ್ಲ. ಸುಳ್ಳ ಯಾಕ ಹೇಳಲಿ, ಆ ಸೀರಿ ಅಂಗಡ್ಯಾಕಿಗೂ ಆಯೇರಿ ಬಂದದ್ದೇ. ಅದನ್ನ ರೊಕ್ಕಾ ಕೊಟ್ಟು ತಂದಾಕಿ ನಾನು. ಆ ಸೀರಿ ತಿರುಗಿದಷ್ಟ ಮನಿ ನಮ್ಮೂರ ಯಾವ ಗಂಡಸೂ ತಿರುಗಿಲ್ಲ.

ಅಂಗಡ್ಯಾಕಿ ಮೊಮ್ಮಗಳು ಎರಡನೇ ಇಯತ್ತೆ. ದಯಾ ಮಾಡಬೇಕಂತ ಬನ್ನಿ ಹಿಡಕೊಂಡು ಸೀದಾ ಅಧ್ಯಕ್ಷನ ಮನಿಗೆ ಹೋದ್ಲು.

"ನಮ್ಮ ಆಯಿ ಕೊಟ್ಟ ಬಾ ಅಂದಾಳ್ರಿ," ಅಂದ್ಲು. ಆಯಿಗೆ ಗೊತ್ತೇ ಇಲ್ಲ.

ಅಧ್ಯಕ್ಷನ ಹೆಂಡ್ತಿ ಕರಗಿ ಹೋದ್ಲು. "ನಿಮ್ಮ ಆಯಿ ನನ್ನ ನೆನಸ್ತಾಳೇನ ಬಂಗಾರ?"

"ದಿನಾ ನೆನಸ್ತಾಳ್ರಿ. ಮುಂಜಾನೆ ಅಂಗಳ ಕಸಾ ಹೊಡಿಯೂ ಮುಂದ ನೆನಸ್ತಾಳ್ರಿ."

"ಏನಂತ ನೆನಸ್ತಾಳ?"

"ಆ ಸೀರಿ ಕಳ್ಳಿ ಹಾಸಿಗಿ ಬಿಟ್ಟು ಇನ್ನೂ ಎದ್ದಿಲ್ಲೇನು ಅಂತಾಳ್ರಿ."

ಮುಂದ ಕೇಳತೀರೇನು? ಸೆರಗು ಸೊಂಟಕ್ಕ ಸಿಗಿಸಿ ಈಕಿ ಹೊರಗ ಬಂದ್ಲು, ಸದ್ದು ಕೇಳಿ ಆಕಿ ಹೊರಗ ಬಂದ್ಲು. ಅಷ್ಟು ವರ್ಷ ಕೂಡಿಟ್ಟ ಮಾತು, ಒಂದೂ ಹಳಸಿರಲಿಲ್ಲ. ಊರ ಮಂದಿ ಕೈಯಾಗ ಬನ್ನಿ ಹಿಡಕೊಂಡು ಸುತ್ತ ನಿಂತ್ರು. ಇಬ್ಬರ ಅತ್ತಿ ಮನಿ, ತವರ ಮನಿ, ಗಂಡಂದಿರ ಸಂಜಿ ಕೆಲಸ, ಏನೂ ಉಳೀಲಿಲ್ಲ. ನಾ ಊಟಕ್ಕೂ ಏಳಲಿಲ್ಲ.

ಆ ಪೋರಿ ಮಾತ್ರ ನಕ್ಕೋತ ಓಡಿ ಬಂತು ನಮ್ಮನಿಗೆ. "ಟೀಚರ್ರ, ಟೀಚರ್ರ! ಮಾತಾಡಸಿದ್ನಿರೀ! ಇನ್ನೂ ಮಾತಾಡಾಕತ್ತಾರ್ರಿ, ನಿಲ್ಲಸವಲ್ರು!"

ಸನ್ಮಾನ

ಬನ್ನಿ ಜಗಳ ಆದ ಮ್ಯಾಲ ಅಧ್ಯಕ್ಷ ಎಲ್ಲಾರ ಮುಂದ ಹೇಳಿದ, "ಈ ವರ್ಷ ಮುಗೀಲಿ. ಜೂನಿಗೆ ನಮ್ಮ ಬಾಗೇವಾಡಿ ಹುಡುಗಿ ಬರ್ತಾಳ." ಟೀಚರ್ ನನ್ನ ಹಿಂದಿನ ಖೋಲ್ಯಾಗ ಒಂದೊಂದ ಸಾಮಾನು ಕಟ್ಟಾಕ ಹತ್ತಿದ್ಲು. "ಆಯಿ, ವೈನಿಗೆ ಫೋನ್ ಮಾಡಿ ಈಗೇ ಹೇಳಿಬಿಡಲೇನ್ರಿ?" ಅಂದ್ಲು. "ಈಗೇ ಯಾಕ ಆಕಿಗೆ ಹಬ್ಬ ಮಾಡಿ ಕೊಡ್ತಿ? ಸುಮ್ಮನಿರು" ಅಂದೆ. ಅಂದೆ ಖರೇ, ನನಗೂ ಧೈರ್ಯ ಇರಲಿಲ್ಲ.

ಬ್ಯಾಸಿಗಿ ಹತ್ತಿತ್ತು. ಸೂಟಿ ಬಿಡೂಕಿಂತ ಮೊದಲ ಸಾಲಿಯವ್ರು ಊರ ಸಹಾಯಕರಿಗೆ ಸನ್ಮಾನ ಇಟ್ಟಿದ್ರು. ಚೆಂಡ ಹೂವಿನ ಮಾಲಿ, ಕಾಯಿ, ಊದಬತ್ತಿ, ಟಾವೆಲ್, ಈಬತ್ತಿ ಎಲ್ಲಾ ತಂದು ಎರಡನೇ ಇಯತ್ತೆ ಖೋಲ್ಯಾಗ ಇಟ್ಟಿದ್ರು. ಆವತ್ತೇ ಬಾಗೇವಾಡಿಯಿಂದ ಹೆಂಡ್ತಿ ತಮ್ಮ ಮಗಳನ್ನೂ ಕರಕೊಂಡು ಬಂದಿದ್ದ, ಆಕಿ ನೌಕರಿ ಪಕ್ಕಾ ಆತು ಅಂತ. ಅಧ್ಯಕ್ಷನ ಮನ್ಯಾಗ ಹೋಳಿಗಿ. ಅಂವ ಕಂಠಮಟ ಹೋಳಿಗಿ ತುಪ್ಪ ಹೊಡದು, ಟೀಚರ್‌ಗ ಕಡೀ ಮಾತು ಹೇಳಿಬಿಡ್ತೇನಂತ ಮಧ್ಯಾಹ್ನ ಸಾಲಿಗೆ ಬಂದ.

ಟೀಚರ್ ಹೊರಗ ಹೊಂಟಿದ್ಲು. ಬಿಸಿಯೂಟದ ಅಕ್ಕಿ ಲಾರಿ ನಮ್ಮ ಓಣ್ಯಾಗ ಹಿಡೀಲಾರದ ಊರ ಬಾಗಿಲಿಗೆ ನಿಂತಿತ್ತು. ಚೀಲ ಇಳಿಸ್ಕೊಂಡ ಬಾ ಅಂತ ಹೆಡ್ ಮಾಸ್ತರ್ ಆಕಿಗೇ ಹೇಳಿದ್ರು. ಆಕಿ ಅಧ್ಯಕ್ಷಗ ಖುರ್ಚಿ ಕೊಟ್ಟು, ಹುಡುಗರಿಗೆ ಹೇಳಿದ್ಲು, "ಅಧ್ಯಕ್ಷರೂ ನಮ್ಮ ಊರ ಸಹಾಯಕರೇ. ನಾ ಬರೂತನಕ ಗದ್ಲ ಮಾಡಬಾರದು. ಇವ್ರಿಗೆ ಚಂದಂಗ ಗೌರವ ಮಾಡ್ರಿ." ಆಕಿ ಗೇಟು ದಾಟಿರಲಿಲ್ಲ, ಅಧ್ಯಕ್ಷನ ಗದ್ದ ಎದಿಗೆ ಬಿತ್ತು. ಹೋಳಿಗಿ ನಿದ್ದಿ.

ಈಗ ಹುಡುಗರು ಗೌರವ ಮಾಡಬೇಕು. ಹೆಂಗ ಮಾಡಬೇಕು? ಅವು ಕಣ್ಣಾರೆ ನೋಡಿದ ದೊಡ್ಡ ಗೌರವ ಒಂದೇ. ಸ್ವಲ್ಪ ದಿನದ ಹಿಂದ ನಮ್ಮ ಓಣಿ ಹಿರಿ ಮುತ್ಯಾ ತೀರಿಕೊಂಡಿದ್ದ. ನಮ್ಮಲ್ಲಿ ಸತ್ತವ್ರನ್ನ ಮಲಗಸೂದಿಲ್ಲ, ಕುಂದರಸ್ತಾರ. ಹಣಿ ತುಂಬ ಈಬತ್ತಿ, ಕೊಳ್ಳ ತುಂಬ ಮಾಲಿ, ಬೀಳಬಾರದಂತ ಎದಿಗೆ ಒಂದು ಟಾವೆಲ್, ಬಾಯಿ ತಗೀಬಾರದಂತ ಗದ್ದಕ್ಕ ಒಂದು ಟಾವೆಲ್, ಮುಂದ ಊದಬತ್ತಿ, ಕಾಯಿ, ಸುತ್ತ ಭಜನಿ. ಊರೆಲ್ಲ ಬಂದು ಕೈ ಮುಗದಿತ್ತು. ಅದಕ್ಕಿಂತ ಹೆಚ್ಚಿನ ಸನ್ಮಾನ ಆ ಹುಡುಗ್ರು ಎಲ್ಲಿ ನೋಡಬೇಕು?

ಒಂದೂ ಬಿಡಲಿಲ್ಲ. ಅಷ್ಟೂ ಬರೋಬರಿ ಮಾಡಿದ್ವು.

ನಾ ಕಟ್ಟಿ ಮ್ಯಾಲ ತೂಕಡಸಾಕತ್ತಿದ್ದೆ. ಸಾಲ್ಯಾಗಿಂದ ಭಜನಿ ಕೇಳಿತು, ಸಣ್ಣ ದನಿ, "ಶಿವ ಶಿವ, ಹರ ಹರ." ಎದ್ದು ಹೋಗಿ ಕಿಡಕ್ಯಾಗ ಇಣುಕಿದೆ. ಅಧ್ಯಕ್ಷ ಖುರ್ಚ್ಯಾಗ ಕುಂತಾನ, ಕಣ್ಣ ಮುಚ್ಯಾವ, ಮಾಲಿ, ಈಬತ್ತಿ, ಗದ್ದಕ್ಕ ಟಾವೆಲ್ ಕಟ್ಟಿ ತಲಿ ಮ್ಯಾಲ ಮೊಲದ ಕಿವಿ ಹಂಗ ಗಂಟು. ಸತ್ತೇ ಹೋಗ್ಯಾನ ಅಂತ ತಿಳಕೊಂಡೆ. ಊರಿಗೆ ಇಂಥಾ ಸುದ್ದಿ ಮೊದಲ ಹೇಳೂ ಯೋಗ ದಿನಾ ಬರೂದಿಲ್ಲ ನೋಡ್ರಿ. ಗಟಾರ ಒಂದೇ ಹೆಜ್ಜಿಗೆ ಜಿಗದು ಓಣಿ ತುಂಬ ಒದರಿಬಿಟ್ಟೆ.

ಹೆಂಗಸರು ಬಂದ್ರು. ನಮ್ಮ ಕಡೆ ಹೆಣದ ಮುಂದ ಸುಮ್ಮನ ಅಳೂ ಹಂಗಿಲ್ಲ, ಸತ್ತವ ಮಾಡಿದ ಉಪಕಾರ ಹೇಳಿ ಹಾಡ್ಯಾಡಿ ಅಳಬೇಕು. ಮೊದಲನೇ ಬಾಯಿ ಶುರು ಮಾಡಿದ್ಲು. "ಓಣಿಗೆ ನಳಾ ತಂದ್ಯೋ ನನ್ನಪ್ಪಾ..." ಅಲ್ಲಿಗೆ ಉಸಿರು ತಗೊಂಡು ವಿಚಾರ ಮಾಡಿದ್ಲು. "ನಿನ್ನ ಬಾಗಿಲ ತನಕ ತಂದು ನಿಲ್ಲಿಸಿದ್ಯೋ..."

ಎರಡನೇದಾಕಿ ಎತ್ತಿಕೊಂಡ್ಲು. "ಸಾಲಿ ಸಂಡಾಸಕ್ಕ ಸಿಮೆಂಟ್ ತರಸಿದ್ಯೋ... ಅದರಾಗ ನಿನ್ನ ಮನಿ ಕಟ್ಟಿ ಕಟ್ಟಿಸಿದ್ಯೋ... ಕಟ್ಟಿ ಹಂಗ ಐತೋ, ಕುಂದ್ರಾಂವ ಹೋದ್ಯೋ..."

ಅಂಗಡ್ಯಾಕಿನೂ ಬಂದಿದ್ಲು, ಸಾವಿನ ಮನ್ಯಾಗ ಸಿಟ್ಟು ಹಿಡೀಬಾರದಲ್ಲ. "ಚಲೋ ಮನಶ್ಯಾ ಇದ್ಯೋ ಯಪ್ಪಾ... ಆ ಹೆಂಡ್ತಿ ಕೈಯಾಗ ಸಿಕ್ಕು ಹಿಂಗಾದ್ಯೋ..."

ಆವಾಗ ನಾ ನೋಡಿದೆ. ಅಧ್ಯಕ್ಷನ ಕಾಲ ಹೆಬ್ಬಟ್ಟು ಅಳ್ಳಾಡಿತು. ರೆಪ್ಪಿ ಒಳಗ ಕಣ್ಣಗುಡ್ಡಿ ಹರದಾಡಿತು. ಎಚ್ಚರಾಗೇತಿ, ಆದ್ರ ಕಣ್ಣ ತಗೀವಲ್ಲ. ಯಾರ ಬಾಯಾಗ ಏನ ಬರತೈತಿ ಪೂರಾ ಕೇಳೂನು ಅಂತ ಕುಂತಾನ. ಕೇಳಲಿ ಬಿಡು ಅಂತ ನಾನೂ ಸುಮ್ಮನ ನಿಂತೆ.

ಅಷ್ಟರಾಗ ಹೆಡ್ ಮಾಸ್ತರ್, ಒಳಗ ಬಂದು ನೋಡೂದೂ ಇಲ್ಲ ಏನೂ ಇಲ್ಲ, ಹೊರಸಾಲ್ಯಾಗ ನಿಂತು ಗಂಟಿ ಹೊಡಸಿದ್ರು. "ಅಧ್ಯಕ್ಷರು ನಮ್ಮನ್ನ ಅಗಲಿದ್ದಾರೆ. ಎಲ್ಲಾರೂ ಮೌನ ನಿಂತು ಮನಿಗೆ ಹೋಗ್ರಿ. ಇವತ್ತ ಸಾಲಿ ಸೂಟಿ." ಇಡೀ ಸಾಲಿ "ಹೋ!" ಅಂತ ಕುಣೀತು. ಸತ್ತವನ ಹುಬ್ಬು ಗಂಟಾದುವು.

ಆಗ ಅಧ್ಯಕ್ಷನ ಹೆಂಡ್ತಿ ತಮ್ಮ, ಬಾಗೇವಾಡ್ಯಾಂವ, ಓಡಿ ಬಂದ. ಕೈಯಾಗ ಹೋಳಿಗಿ ಎಣ್ಣಿ ಇನ್ನೂ ಆರಿರಲಿಲ್ಲ. ಅಧ್ಯಕ್ಷನ ಮೊಣಕಾಲು ಅಪ್ಪಿಕೊಂಡು ಒದರಿದ, "ಮಾಮಾ! ಏನ ಮಾಡಿದ್ಯೋ ಮಾಮಾ! ಸಾಯೂದಿದ್ರ ಜೂನ್ ಮುಗಿಸಿ ಸಾಯಬಾರದಾಗಿತ್ತೇನೋ! ನನ್ನ ಮಗಳಿಗೆ ಇನ್ನ ಯಾರ ನೌಕರಿ ಕೊಡಸ್ತಾರೋ!" ಅತ್ತು ಅತ್ತು ತಲಿ ಎತ್ತಿ, ಕಣ್ಣೊರಸ್ಕೊಂಡು, ಬಾಜೂ ನಿಂತ ನನ್ನ ಕೇಳಿದ, "ಆಯಿ, ಮುಂದಿನ ಅಧ್ಯಕ್ಷ ಯಾರ ಆಗ್ತಾರಂತ್ರಿ? ಅವ್ರ ಮನಿ ಎಲ್ಲಿ?"

ನಾ ಬಾಯಿ ತಗಿಯೂದರಾಗ ಟೀಚರ್ ಬಂದ್ಲು. ಕೂದಲ ತುಂಬ ಅಕ್ಕಿ ಹಿಟ್ಟಿನ ಧೂಳ, ಓಡಿ ಬಂದು ದಮ್ಮು ಹತ್ತಿತ್ತು. ಹೆಣ ಖರೇ ಹೆಣ ಆಗಿದ್ರ ಆಕಿ ನೌಕರಿ ಉಳೀತಿತ್ತು, ಅದು ಅಲ್ಲಿದ್ದವ್ರಿಗೆಲ್ಲಾ ಗೊತ್ತು. ಆದ್ರ ಆಕಿ ಹೆಂಗಸರನ್ನ ನೂಕಿ ಮುಂದ ಹೋಗಿ, ಮೂಗಿನ ಕೆಳಗ ಕೈ ಹಿಡದು, "ಉಸಿರೈತಿ! ಸರೀರಿ ಎಲ್ಲಾರೂ, ಗಾಳಿ ಬಿಡ್ರಿ! ನೀರ ತರ್ರಿ!" ಅಂತ ಗದ್ದದ ಟಾವೆಲ್ ಬಿಚ್ಚಾಕ ಹತ್ತಿದ್ಲು. ಗಂಟು ಬಿಚ್ಚವಲ್ದು. ಕಣ್ಣೀರು ಸುರಿಯಾಕತ್ತಿದ್ವು. "ಅಧ್ಯಕ್ಷರ, ಕಣ್ಣ ತಗೀರಿ. ನಿಮ್ಮ ಕಾಲ ಬೀಳತೇನಿ. ಜೂನಿಗೆ ನಾ ಬರೂದಿಲ್ರಿ, ಯಾರನ್ನ ಬೇಕಾದ್ರೂ ತಗೋರ್ರಿ, ನೀವು ಕಣ್ಣ ತಗೀರಿ ಸಾಕು."

ಹುಡುಗರಿಗೆ ಆಕಿ ವರ್ಷ ಪೂರಾ ಹೇಳಿದ ದಯಾ ಅಂದ್ರ ಇದು. ಅವು ಭಜನಿ ನಿಲ್ಲಿಸಿ ನೋಡಾಕತ್ತಿದ್ವು.

ಅಧ್ಯಕ್ಷ ಕಣ್ಣ ತಗದ. ಹೆಂಗಸರು ಚೀರಿ ಕಿಡಕಿ ತನಕ ಹಿಂದ ಸರದ್ರು. ಅಂವ ಯಾರನ್ನೂ ನೋಡಲಿಲ್ಲ. ಮೊಣಕಾಲ ಹಿಡದ ಹೆಂಡ್ತಿ ತಮ್ಮನ್ನ ನೋಡಿದ. ನೋಡಿ, ಮೆತ್ತಗ ಕೇಳಿದ:

"ಬಾಗೇವಾಡಿಗೆ ಹೋಗೂ ಬಸ್ಸು ಎಷ್ಟೊತ್ತಿಗೈತಿ?"

"ಮಾಮಾ..."

"ಹೊಂಡು. ಮಗಳನ್ನೂ ಕರಕೊಂಡು ಹೊಂಡು. ಮುಂದಿನ ಅಧ್ಯಕ್ಷನ ಮನಿ ಹಾದ್ಯಾಗ ಸಿಕ್ಕರ ಕೇಳು."

ಆಮ್ಯಾಲ ಅಧ್ಯಕ್ಷನ ಹೆಂಡ್ತಿ ಬಾಗಿಲಕ್ಕ ಬಂದ್ಲು, ಗಂಡ ಕುಂತು ನೀರು ಕುಡಿಯೂದು ನೋಡಿ ನಿಂತಲ್ಲೇ ನಿಂತ್ಲು. "ಅಯ್ಯ, ಅದೀರೇನ್ರಿ!" ಅಂದ್ಲು. ಬರಿಗೈ ಮುಂದ ಹಿಡದು ಅಳಾಕ ಹತ್ತಿದ್ಲು. "ಹಾದ್ಯಾಗ ಬಳಿ ಎಲ್ಲಾ ಒಡಕೊಂಡ್ನೆಲ್ರಿ! ನಿನ್ನೆ ಇಡಿಸ್ಕೊಂಡಿದ್ದು!"

ಅಧ್ಯಕ್ಷ ಎದ್ದು, ಕೊಳ್ಳಾಗಿನ ಮಾಲಿ ತಗದು ಖುರ್ಚಿ ಮ್ಯಾಲ ಇಟ್ಟು, ಟೀಚರ್‌ಗ ಅಂದ, "ಟೀಚರ್, ಜೂನಿಗೆ ನೀವೇ ಬರ್ರಿ. ಇಡೀ ಊರಾಗ ನನಗ ನೀರು ತರ್ರಿ ಅಂದಾಕಿ ನೀವೊಬ್ಬಾಕಿ." ಹೊರಸಾಲಿಗೆ ಹೋಗಿ ಹೆಡ್ ಮಾಸ್ತರ್‌ಗ ಅಂದ, "ಮತ್ತ ಗಂಟಿ ಬಾರಿಸ್ರಿ. ನಾ ಅಗಲಿಲ್ಲ. ಸಾಲಿ ನಡೀಲಿ." ಅರ್ಧಾ ದಾರಿಗೆ ಹೋದ ಹುಡುಗ್ರು ಶಾಪ ಹಾಕ್ಕೋತ ಹೊಳ್ಳಿ ಬಂದುವು.

ಜೂನ್ ಬಂತು. ಟೀಚರ್ ನನ್ನ ಹಿಂದಿನ ಖೋಲ್ಯಾಗೇ ಅದಾಳ, ವೈನಿ ಮತ್ತೊಬ್ಬ ಕೆಲಸದಾಕಿನ್ನ ಹುಡುಕ್ಯಾಡಾಕತ್ತಾಳಂತ. ಸಾಲಿ ಶುರು ಆದ ದಿನ ಅಧ್ಯಕ್ಷ ಹೊಸಾ ಪುಸ್ತಕ ಹಂಚಾಕ ಬಂದ. ಖುರ್ಚಿ ಕೊಟ್ರ ಕುಂದ್ರಲಿಲ್ಲ, ನಿಂತೇ ಹಂಚಿದ. ಭಾಷಣ ಮಾಡಿ, "ಯಾರಿಗರ ಏನರ ಕೇಳೂದೈತೇನು?" ಅಂದ.

ದುಂಡಾನ ಹುಡುಗ ಎದ್ದು ನಿಂತ. "ಮುತ್ಯಾರ, ಈ ವರ್ಷ ಯಾವಾಗ ಸಾಯ್ತೀರ್ರಿ?"

ಟೀಚರ್ ಕಣ್ಣ ಮುಚ್ಚಿಕೊಂಡ್ಲು. ಅಧ್ಯಕ್ಷ ಮೀಸಿ ಮ್ಯಾಲ ಕೈ ಇಟ್ಟು, "ಯಾಕೋ?" ಅಂದ.

"ಈ ಸಲ ಪೂರಾ ಸಾಯ್ರಿ ಮುತ್ಯಾರ. ಹೋದ ಸಲ ಕೊಟ್ಟ ಸೂಟಿ ಹೊಳ್ಳಿ ತಗೊಂಡ್ರಿ."